ಸೋರುವ ಸಂದಿಗೆ ಅಂಟುಪಟ್ಟಿ

ಯುಗಾದಿ ಕಳೆದು ಹದಿನೈದು ದಿನ ಆಗಿತ್ತು. ಸಂಜೆ ನಾವು ಓದಲು ಕೂತಿದ್ದೆವು. ಮೈಸೂರಿನ ಕೆಸರೆಯಲ್ಲಿ ಒಂದು ಶೀಟಿನ ಮನೆ. ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ. ಇನ್ನೊಂದು ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ. ನಾವು ಎಂಟು ಜನ ಹೆಂಗಸರು. ನಡುವೆ ಪುಸ್ತಕ, ಸ್ಲೇಟು, ಬಳಪ.

ಚಾಮುಂಡಿ ಬೆಟ್ಟದ ಕಡೆ ಕಪ್ಪಾಯಿತು. ಗಾಳಿ ಎದ್ದಿತು. ಶೀಟಿನ ಮೇಲೆ ಟಪ್ ಟಪ್ ಅಂತ ದಪ್ಪ ಹನಿ ಬಿತ್ತು. ಹಿಂದೆಯೇ ಆಲಿಕಲ್ಲು. ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ.

ಆ ಮನೆಯ ಅಕ್ಕ ಊದುಬತ್ತಿ ಹೊಸೆಯುತ್ತಾರೆ. ಇದ್ದಿಲ ಪುಡಿ, ಜಿಗಟು ಪುಡಿ ಕಲಸಿ ಕಡ್ಡಿಗೆ ಹೊಸೆಯುವ ಕೆಲಸ. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಬೆಳಗಿನಿಂದ ಹೊಸೆದ ಮೂರು ಸಾವಿರ ಕಡ್ಡಿ ಗೋಡೆ ಪಕ್ಕ ಹರಡಿತ್ತು. ಗೋಡೆಯೂ ಶೀಟೂ ಸೇರುವ ಕಡೆಯಿಂದ ನೀರು ಇಳಿಯಿತು. ಕಡ್ಡಿಯ ಮೇಲೇ ಇಳಿಯಿತು. ನಾವು ಎತ್ತುವಷ್ಟರಲ್ಲಿ ಅರ್ಧ ಕಡ್ಡಿ ಕರಗಿ ಹೋಯ್ತು. ನೆಲದ ಮೇಲೆ ಕಪ್ಪು ನೀರು ಹರಿಯಿತು.

"ಒಂದೂವರೆ ಸಾವಿರ ಹೋಯ್ತು ಕಣ್ರವ್ವಾ" ಅಂದರು ಅಕ್ಕ. ಅಳಲಿಲ್ಲ. ಪಾತ್ರೆ ಹುಡುಕಲು ಎದ್ದರು.

ಒಂದು ಪಾತ್ರೆ ಇಟ್ಟೆವು. ಎರಡು ಇಟ್ಟೆವು. ನಾಲ್ಕು ಇಟ್ಟೆವು. ರೇಷನ್ ಕಾರ್ಡು, ಆಧಾರ್ ಕಾರ್ಡು ಇಟ್ಟ ಟ್ರಂಕನ್ನು ಬಾಗಿಲ ಹತ್ತಿರ ಎಳೆದೆವು. ಓದುವ ಪುಸ್ತಕ ಸೆರಗಿನೊಳಗೆ ಸೇರಿತು.

ಮಳೆ ನಿಂತ ಮೇಲೆ ಮಾತು ಶುರುವಾಯಿತು.

"ವರ್ಷಾ ವರ್ಷಾ ಇದೇ ಕಥೆ. ಮೇಸ್ತ್ರಿ ಬರ್ತೀನಿ ಅಂತಾನೆ, ಬರಲ್ಲ."

"ಹೋದ ವರ್ಷ ಟಾರ್ಪಾಲು ಹೊದಿಸಿದ್ವಿ. ಗಾಳಿಗೆ ಹಾರಿ ಹೋಯ್ತು."

"ಇಡೀ ಶೀಟು ಬದಲಾಯಿಸಬೇಕು. ದುಡ್ಡು ಎಲ್ಲಿದೆ?"

ನಮ್ಮ ಗುಂಪಿನಲ್ಲಿ ಒಬ್ಬರು ದೊಡ್ಡವ್ವ ಇದ್ದಾರೆ. ಗಾರೆ ಕೆಲಸಕ್ಕೆ ಹೋಗುತ್ತಾರೆ. ಮೂವತ್ತು ವರ್ಷ ಇಟ್ಟಿಗೆ, ಸಿಮೆಂಟು ಹೊತ್ತವರು. ಅವರು ತಲೆ ಎತ್ತಿ ಸೂರು ನೋಡುತ್ತಾ ಕೂತಿದ್ದರು. ಆಮೇಲೆ ಹೇಳಿದರು: "ಶೀಟು ಗಟ್ಟಿಯಾಗೇ ಇದೆ ಕಣೇ. ಸಂದಿ ಬಾಯಿ ಬಿಟ್ಟಿದೆ, ಅಷ್ಟೇ. ಸಂದಿ ಮುಚ್ಚಿದ್ರೆ ಮನೆ ಒಣಗುತ್ತೆ."

ಸೋರುವ ಮನೆ ಅಂದ ತಕ್ಷಣ ಶಿಶುನಾಳ ಶರೀಫರ ತತ್ವಪದ ನೆನಪಾಗುತ್ತೆ. ಅವರು ಹೇಳಿದ ಮನೆ ಬೇರೆ. ನಾವು ಇಲ್ಲಿ ಹೇಳುವುದು ಶೀಟು ಹೊದಿಸಿದ ಮನೆ. ಸಂದಿ ಮುಚ್ಚಲು ನಾವು ಏನು ಮಾಡಿದೆವು, ಎಲ್ಲಿ ತಪ್ಪಿದೆವು, ಅದನ್ನು ಹೇಳುತ್ತೇವೆ.

ನೀರು ಎಲ್ಲಿಂದ ಬರುತ್ತೆ?

ನೀರು ಹನಿಯುವ ಜಾಗ ಬೇರೆ. ನೀರು ನುಗ್ಗುವ ಜಾಗ ಬೇರೆ. ಇದನ್ನು ನಾವು ಮೊದಲು ತಿಳಿಯಬೇಕು.

ನೀರು ಮೇಲೆ ಒಂದು ಕಡೆ ಒಳಗೆ ಬರುತ್ತೆ. ಶೀಟಿನ ಅಡಿಯಲ್ಲೇ ಹರಿಯುತ್ತೆ. ತೊಲೆ ಸಿಕ್ಕಿದರೆ ತೊಲೆ ಹಿಡಿದು ಹೋಗುತ್ತೆ. ಎಲ್ಲೋ ಒಂದು ಮೊಳೆ ಸಿಕ್ಕಿದರೆ ಅಲ್ಲಿಂದ ಹನಿಯುತ್ತೆ. ಹನಿ ಬಿದ್ದ ಕಡೆ ನೆಟ್ಟಗೆ ಮೇಲೆ ಸಿಮೆಂಟು ಮೆತ್ತಿದರೆ ಏನೂ ಆಗುವುದಿಲ್ಲ. ನಮ್ಮ ಬೀದಿಯಲ್ಲಿ ಎಷ್ಟೋ ಸೂರುಗಳ ಮೇಲೆ ಇಂಥ ಮೆತ್ತು ಇದೆ. ಕೆಳಗೆ ಪಾತ್ರೆಯೂ ಇದೆ.

ನೀರು ಕೆಳಕ್ಕೆ ಮಾತ್ರ ಹರಿಯುತ್ತೆ ಅಂತ ನಾವು ತಿಳಿದಿದ್ದೇವೆ. ಅದು ಪೂರ್ತಿ ನಿಜ ಅಲ್ಲ. ಸೆರಗಿನ ತುದಿ ನೀರಿಗೆ ತಾಗಿದರೆ ಒದ್ದೆ ಮೇಲಕ್ಕೆ ಏರುತ್ತೆ, ಅಲ್ಲವೇ? ದೀಪದ ಬತ್ತಿಯಲ್ಲಿ ಎಣ್ಣೆ ಮೇಲಕ್ಕೆ ಏರುತ್ತೆ. ಹಾಗೆಯೇ ಎರಡು ಶೀಟಿನ ನಡುವೆ ಕಿರಿದಾದ ಸಂದಿ ಇದ್ದರೆ ನೀರು ಸಂದಿಯೊಳಗೆ ಏರುತ್ತೆ. ಜೊತೆಗೆ ಗಾಳಿಯೂ ತಳ್ಳುತ್ತೆ. ಅದಕ್ಕೇ ಒಂದು ಶೀಟಿನ ಮೇಲೆ ಇನ್ನೊಂದನ್ನು ಹೊದಿಸುವಾಗ ಮೇಲಿನ ಶೀಟು ಕೆಳಗಿನದರ ಮೇಲೆ ಅರ್ಧ ಅಡಿಯಾದರೂ ಬರಬೇಕು. ದುಡ್ಡು ಉಳಿಸಲು ನಾಲ್ಕು ಬೆರಳು ಮಾತ್ರ ಹೊದಿಸಿದರೆ ಏಪ್ರಿಲ್ ಗಾಳಿ ಮಳೆಗೆ ಅಲ್ಲಿ ನೀರು ನುಗ್ಗುತ್ತೆ.

ಶೀಟಿನ ಮನೆಯಲ್ಲಿ ನೀರು ನುಗ್ಗುವುದು ಹೆಚ್ಚಾಗಿ ಮೂರು ಕಡೆ. ಶೀಟಿಗೆ ಶೀಟು ಸೇರುವ ಸಂದಿ. ಶೀಟು ಗೋಡೆಗೆ ಸೇರುವ ಅಂಚು. ಬೋಲ್ಟು ಹಾಕಿದ ತೂತು. ಬೋಲ್ಟಿನ ಕೆಳಗೆ ಡಾಂಬರಿನ ವಾಶರ್ ಇರುತ್ತೆ. ಬಿಸಿಲಿಗೆ ಅದು ಒಣಗಿ ಬಿರುಕು ಬಿಡುತ್ತೆ. ಬೋಲ್ಟು ಯಾವಾಗಲೂ ಶೀಟಿನ ಉಬ್ಬಿನ ಮೇಲೆ ಇರಬೇಕು. ತಗ್ಗಿನಲ್ಲಿ ತೂತು ಹೊಡೆದರೆ ಅದು ಬಚ್ಚಲ ತೂತೇ ಸರಿ.

ಬಳಪದ ಗುರುತು

ಮಳೆ ನಿಂತ ಮೂರನೇ ದಿನ ನಾವು ಸೋರುವ ಜಾಗ ಹುಡುಕಿದೆವು. ಹಗಲು ಹೊತ್ತು. ಮೊದಲು ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿದೆವು. ನೀರೂ ಕರೆಂಟೂ ಸೇರಿದರೆ ಜೀವ ಹೋಗುತ್ತೆ. ತಗಡಿನ ಶೀಟಿಗೆ ವಯರು ತಾಗಿದ್ದರೆ ಇಡೀ ತಗಡೇ ಶಾಕ್ ಹೊಡೆಯುತ್ತೆ. ಕಂಬದಿಂದ ಬರುವ ವಯರು ಸೂರಿಗೆ ತಾಗುತ್ತಿದ್ದರೆ ಮೇನ್ ಆಫ್ ಮಾಡಿದರೂ ಅದರಲ್ಲಿ ಕರೆಂಟು ಇರುತ್ತೆ. ಅಂಥ ಕಡೆ ಹತ್ತಲೇ ಬೇಡಿ. ಮೊದಲು ವಿದ್ಯುತ್ ಕಚೇರಿಗೆ ಹೇಳಿ.

ಒಬ್ಬರು ಏಣಿ ಹತ್ತಿ ನಿಂತರು. ಇಬ್ಬರು ಏಣಿ ಹಿಡಿದರು. ಉಳಿದವರು ಮನೆಯೊಳಗೆ ತಲೆ ಎತ್ತಿ ನಿಂತರು. ಚೊಂಬಿನಲ್ಲಿ ನೀರು ಸುರಿದೆವು. ಕೆಳಗಿನ ಅಂಚಿನಿಂದ ಶುರು. ಒಂದು ಕಡೆ ಐದು ನಿಮಿಷ. ಒಳಗೆ ನೀರು ಬರಲಿಲ್ಲ ಅಂದರೆ ಒಂದು ಗೇಣು ಮೇಲೆ. ಮೇಲಿನಿಂದ ಸುರಿಯುತ್ತಾ ಬಂದರೆ ಎಲ್ಲಾ ಸಂದಿಗೂ ಒಟ್ಟಿಗೆ ನೀರು ಹೋಗುತ್ತೆ. ಯಾವ ಸಂದಿ ಅಂತ ಗೊತ್ತಾಗುವುದಿಲ್ಲ.

"ಬಂತು! ಬಂತು!" ಅಂತ ಒಳಗಿನಿಂದ ಕೂಗು. ಆ ಜಾಗದಲ್ಲಿ ಮೇಲೆ ಬಳಪದಿಂದ ಅಂಕಿ ಬರೆದೆವು. 1. ಆಮೇಲೆ 2. ಆಮೇಲೆ 3, 4. ಅದೇ ಅಂಕಿಯನ್ನು ಒಳಗಡೆ ಗೋಡೆಯ ಮೇಲೂ ಬರೆದೆವು.

1 ಅಂದರೆ ಗೋಡೆ ಅಂಚು. ಕಡ್ಡಿ ನೆನೆದದ್ದು ಇಲ್ಲೇ. 2 ಮತ್ತು 3 ಅಂದರೆ ಶೀಟಿಗೆ ಶೀಟು ಸೇರುವ ಎರಡು ಉದ್ದದ ಸಂದಿ. 4 ಪಕ್ಕದ ಗೋಡೆಯ ಮೇಲ್ಭಾಗ. ಅಲ್ಲಿ ಗೋಡೆಯಲ್ಲೇ ಬಿರುಕು ಇತ್ತು. ಅದರ ವಿಷಯ ಆಮೇಲೆ.

ಈಗ ಅಳತೆ. ಉದ್ದದ ಸಂದಿ ಒಂದೊಂದೂ 8 ಅಡಿ. ಎರಡು ಸೇರಿ 16 ಅಡಿ. ಗೋಡೆ ಅಂಚು 10 ಅಡಿ. "ಹತ್ತು ಅಡಿ ಪಟ್ಟಿ ಸಾಕು" ಅಂದೆವು ನಾವು. ದೊಡ್ಡವ್ವ ನಕ್ಕರು. ಶೀಟು ಅಲೆ ಅಲೆಯಾಗಿದೆ. ಪಟ್ಟಿ ಉಬ್ಬು ಹತ್ತಿ, ತಗ್ಗು ಇಳಿದು ಹೋಗಬೇಕು. ದೊಡ್ಡವ್ವ ಒಂದು ದಾರ ತೆಗೆದು ಅಲೆಯ ಮೇಲೆ ಒತ್ತಿ ಇಡುತ್ತಾ ಹೋದರು. ಆ ದಾರ ಬಿಡಿಸಿ ಅಳೆದರೆ ಹನ್ನೆರಡೂವರೆ ಅಡಿ ಬಂತು! ಹದಿನಾರೂ ಹನ್ನೆರಡೂವರೆಯೂ ಕೂಡಿದರೆ ಇಪ್ಪತ್ತೆಂಟೂವರೆ. ತುಂಡಿನ ಮೇಲೆ ತುಂಡು ಬರಲು ಇನ್ನೊಂದೂವರೆ ಅಡಿ. ಒಟ್ಟು 30 ಅಡಿ.

ಅಂಗಡಿಯಲ್ಲಿ

ಸಂತೇಪೇಟೆಗೆ ಮೂವರು ಹೋದೆವು. ಹಾರ್ಡ್‌ವೇರ್ ಅಂಗಡಿಯಲ್ಲಿ ಇದನ್ನು ವಾಟರ್‌ಪ್ರೂಫ್ ಟೇಪು ಅಂತ ಕೇಳಬೇಕು. ನಾವು ಅಂಟುಪಟ್ಟಿ ಅನ್ನುತ್ತೇವೆ. ಸುರುಳಿಯಾಗಿ ಸುತ್ತಿರುತ್ತೆ. ಒಂದು ಮುಖ ಬೆಳ್ಳಿಯ ಹಾಗೆ ಹೊಳೆಯುತ್ತೆ. ಅದು ಅಲ್ಯೂಮಿನಿಯಂ ಹಾಳೆ. ಬಿಸಿಲಿನಿಂದ ಅಂಟನ್ನು ಕಾಯುತ್ತೆ. ಇನ್ನೊಂದು ಮುಖದಲ್ಲಿ ದಪ್ಪ ಅಂಟು. ಅದರ ಮೇಲೆ ಕಾಗದ.

ಅಂಟಿನಲ್ಲಿ ಎರಡು ಜಾತಿ. ಒಂದು ಬಿಟುಮೆನ್, ಅಂದರೆ ಡಾಂಬರು. ಇನ್ನೊಂದು ಬ್ಯುಟೈಲ್ ರಬ್ಬರು. ಬ್ಯುಟೈಲ್ ಅನ್ನು 1937ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದರು. ವಾಹನಗಳ ಟ್ಯೂಬಿಗೆ ಬಳಸುವುದು ಇದೇ ಜಾತಿಯ ರಬ್ಬರು. ಗಾಳಿಯನ್ನೇ ಹೊರಗೆ ಬಿಡುವುದಿಲ್ಲ, ನೀರನ್ನು ಬಿಡುತ್ತದೆಯೇ? ಬಿಸಿಲಿಗೆ ಡಾಂಬರು ಬೇಗ ಮೆತ್ತಗಾಗುತ್ತೆ. ಚಳಿಗೆ ಗಟ್ಟಿಯಾಗುತ್ತೆ. ಬ್ಯುಟೈಲ್ ಹೆಚ್ಚು ಕಾಲ ಮೆತ್ತಗೇ ಇರುತ್ತೆ. ಬೆಲೆ ಸ್ವಲ್ಪ ಜಾಸ್ತಿ. ನಾವು ಬ್ಯುಟೈಲ್ ತೆಗೆದುಕೊಂಡೆವು.

ಡಬ್ಬದ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು. ಆದರೆ ಅಂಕಿ ಅಂಕಿಯೇ. ಅಗಲ 100 ಮಿಲಿಮೀಟರ್. ಅಂದರೆ ಸುಮಾರು 4 ಇಂಚು. ಉದ್ದ 5 ಮೀಟರ್. ಅಂದರೆ 16 ಅಡಿಗೆ ಸ್ವಲ್ಪ ಹೆಚ್ಚು. ಎರಡು ಸುರುಳಿ ಅಂದರೆ ಸುಮಾರು 33 ಅಡಿ. ನಮಗೆ ಬೇಕಾದದ್ದು 30. ಲೆಕ್ಕ ಸರಿಹೋಯಿತು. ಅಂಗಡಿಯವರು "ಮೂರು ತಗೊಳ್ಳಿ, ಸಾಲಲ್ಲ" ಅಂದರು. ನಾವು ಚೀಟಿ ತೋರಿಸಿ "ಎರಡು ಸಾಕು" ಅಂದೆವು. ಹಾಗೆ ಹೇಳಿದ ಮೇಲೆ ನಮಗೇ ಸ್ವಲ್ಪ ಜಂಬ ಬಂತು. (ಆ ಜಂಬ ಹೇಗೆ ಇಳಿಯಿತು ಅಂತ ಮುಂದೆ ಓದಿ.)

ಡಬ್ಬದ ಮೇಲೆ ಬೆಲೆ, ಅಳತೆ, ತಯಾರಾದ ತಿಂಗಳು, ವರ್ಷ ಇರಲೇಬೇಕು. ಅದು ಕಾನೂನು. ತುಂಬಾ ಹಳೆಯ ಸುರುಳಿ ಬೇಡ. ಹಳೆಯದಾದರೆ ಅಂಟು ಒಣಗುತ್ತೆ. ಮೇಲಿನ ಬೆಲೆಗಿಂತ ಹೆಚ್ಚು ಕೇಳಿದರೆ ಕೊಡಬೇಡಿ. ಬಿಲ್ಲು ಕೇಳಿ ಪಡೆಯಿರಿ. ದುಡ್ಡನ್ನು ಅಕ್ಕ ನಮ್ಮ ಸಂಘದಿಂದ ಸಾಲ ತೆಗೆದಿದ್ದರು. ಆ ಬಿಲ್ಲನ್ನು ಸಂಘದ ಪುಸ್ತಕದಲ್ಲಿ ಅಂಟಿಸಿದ್ದೇವೆ.

ನಾವು ಮಾಡಿದ ತಪ್ಪು

ಅವತ್ತೇ ಸಂಜೆ ಮೋಡ ಕಟ್ಟಿತು. ದೊಡ್ಡವ್ವ ಕೆಲಸದಿಂದ ಬಂದಿರಲಿಲ್ಲ. ನಮಗೆ ಅವಸರ. ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿದೆವು. ಕಾಗದ ಪೂರ್ತಿ ಕಿತ್ತೆವು. ಪಟ್ಟಿ ಗಾಳಿಗೆ ಸುತ್ತಿಕೊಂಡು ತನಗೆ ತಾನೇ ಅಂಟಿಕೊಂಡಿತು. ಬಿಡಿಸಿ, ಎಳೆದು, ಮೇಲಿನಿಂದ ಕೆಳಕ್ಕೆ ಅಂಟಿಸಿದೆವು. ಕೈಯಲ್ಲಿ ಎರಡು ಸಲ ತಟ್ಟಿದೆವು. ಮುಗೀತು ಅಂದುಕೊಂಡೆವು.

ಒಂದು ವಾರಕ್ಕೆ ಪಟ್ಟಿಯ ತುದಿ ಎದ್ದು ಗಾಳಿಗೆ ಪಟಪಟ ಅಂತ ಬಡಿಯತೊಡಗಿತು. ಅಡಿಯಲ್ಲಿ ನೋಡಿದರೆ ಅಂಟಿನ ತುಂಬಾ ಧೂಳು. ಅಂಟು ಶೀಟಿಗೆ ಹಿಡಿದಿರಲಿಲ್ಲ. ಧೂಳಿಗೆ ಹಿಡಿದಿತ್ತು. ಒಂದೂವರೆ ಸಂದಿಯಷ್ಟು ಪಟ್ಟಿ ದಂಡವಾಯಿತು. ಮೂರನೇ ಸುರುಳಿ ತರಬೇಕಾಯಿತು. ಅಂಗಡಿಯವರು ಏನೂ ಅನ್ನಲಿಲ್ಲ. ನಕ್ಕರು, ಅಷ್ಟೇ.

ಕಲ್ನಾರು ಶೀಟು

ಸರಿಯಾಗಿ ಅಂಟಿಸುವುದನ್ನು ಹೇಳುವ ಮೊದಲು ಒಂದು ಮುಖ್ಯ ಮಾತು. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ.

ನಾವು ಸಿಮೆಂಟ್ ಶೀಟು ಅನ್ನುವ ಬೂದು ಬಣ್ಣದ ಶೀಟಿನಲ್ಲಿ ಕಲ್ನಾರು ಇರುತ್ತೆ. ಆಸ್ಬೆಸ್ಟಾಸ್ ಅನ್ನುವುದು ಇದಕ್ಕೇ. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ನಾರು. ಕಣ್ಣಿಗೆ ಕಾಣುವುದಿಲ್ಲ. ಶೀಟು ಸುಮ್ಮನೆ ಮೇಲೆ ಇದ್ದಾಗ ನಾರು ಸಿಮೆಂಟಿನೊಳಗೆ ಹಿಡಿದಿರುತ್ತೆ. ಒಣ ಶೀಟನ್ನು ಉಜ್ಜಿದರೆ, ಕೊರೆದರೆ, ಗರಗಸದಲ್ಲಿ ಕೊಯ್ದರೆ, ಒಡೆದರೆ ನಾರು ಗಾಳಿಗೆ ಹಾರುತ್ತೆ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಉಳಿಯುತ್ತೆ. ರೋಗ ಕಾಣಿಸುವುದು ಎಷ್ಟೋ ವರ್ಷ ಆದ ಮೇಲೆ. ಎಲ್ಲಾ ಜಾತಿಯ ಕಲ್ನಾರಿನಿಂದಲೂ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈಗ ಕಲ್ನಾರು ಇಲ್ಲದ ಸಿಮೆಂಟ್ ಶೀಟೂ ಬರುತ್ತೆ. ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳೆಯ ಶೀಟು ಆದರೆ ಕಲ್ನಾರು ಇದೆ ಅಂತಲೇ ತಿಳಿಯಿರಿ.

ಹಾಗಾದರೆ ಶುಚಿ ಮಾಡುವುದು ಹೇಗೆ? ಪೊರಕೆ ಬೇಡ. ತಂತಿ ಬ್ರಷ್ ಬೇಡವೇ ಬೇಡ. ಮೊದಲು ನೀರು ಚಿಮುಕಿಸಿ ನೆನೆಸಿ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಮೂಗು, ಬಾಯಿಗೆ ಒಳ್ಳೆಯ ಮಾಸ್ಕ್ ಇರಲಿ. ಸೆರಗು ಸಾಲದು. ಮಕ್ಕಳನ್ನು ಹತ್ತಿರ ಬಿಡಬೇಡಿ. ಒರೆಸಿದ ಬಟ್ಟೆಯನ್ನು ಒಗೆದು ಮತ್ತೆ ಬಳಸಬೇಡಿ. ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ. ಶೀಟು ಪುಡಿ ಪುಡಿಯಾಗಿ ಉದುರುತ್ತಿದ್ದರೆ ಮುಟ್ಟಬೇಡಿ. ಅದಕ್ಕೆ ಪಟ್ಟಿಯಿಂದ ಏನೂ ಆಗದು.

ಇನ್ನೊಂದು ಅಪಾಯ ಕಾಲ ಕೆಳಗೇ ಇದೆ. ಸಿಮೆಂಟ್ ಶೀಟಿನ ಮೇಲೆ ಕಾಲಿಡಬಾರದು. ನೋಡಲು ಗಟ್ಟಿ. ಭಾರ ಬಿದ್ದರೆ ಒಂದೇ ಸಲ ಮುರಿಯುತ್ತೆ. ಸೂರು ರಿಪೇರಿಗೆ ಹತ್ತಿದವರು ಶೀಟು ಮುರಿದು ಬಿದ್ದು ಸೊಂಟ ಕಳೆದುಕೊಂಡದ್ದನ್ನು ದೊಡ್ಡವ್ವ ಕೆಲಸದ ಜಾಗದಲ್ಲಿ ಕಣ್ಣಾರೆ ನೋಡಿದ್ದಾರೆ. ಬೋಲ್ಟಿನ ಸಾಲು ಎಲ್ಲಿದೆಯೋ ಅದರ ಕೆಳಗೆ ತೊಲೆ ಇದೆ. ಎರಡು ಬೋಲ್ಟಿನ ಸಾಲಿನ ಮೇಲೆ ಬರುವ ಹಾಗೆ ಉದ್ದನೆಯ ದಪ್ಪ ಹಲಗೆ ಹಾಕಬೇಕು. ಹಲಗೆ ಜಾರದಂತೆ ಹಗ್ಗದಿಂದ ಕಟ್ಟಬೇಕು. ಭಾರ ಹಲಗೆಯ ಮೇಲೆ ಮಾತ್ರ. ಮಳೆಯಲ್ಲಿ, ಜೋರು ಗಾಳಿಯಲ್ಲಿ, ಒಬ್ಬರೇ ಇರುವಾಗ ಹತ್ತಬೇಡಿ.

ಹತ್ತಲು ಆಗದವರು ಹತ್ತಬೇಕಿಲ್ಲ. ಕೆಲಸ ಗೊತ್ತಿರುವವರನ್ನು ಕರೆಯಿರಿ. ಆದರೆ ಗುರುತು ನೀವು ಹಾಕಿ. ಅಳತೆ ನೀವು ಬರೆಯಿರಿ. ಸಾಮಾನು ನೀವು ತನ್ನಿ. ಮೇಸ್ತ್ರಿ ಧೂಳಿನ ಮೇಲೆ ಅಂಟಿಸಲು ಹೊರಟರೆ "ನಿಲ್ಲಿ" ಅನ್ನಿ.

ಅಂಟಿಸುವುದು ಹೀಗೆ

ಎರಡನೇ ಸಲ ದೊಡ್ಡವ್ವನೇ ಹಲಗೆಯ ಮೇಲೆ ಕೂತರು. ನಾವು ಕೆಳಗಿನಿಂದ ಸಾಮಾನು ಕೊಟ್ಟೆವು.

ಹಿಂದಿನ ದಿನವೇ ಶೀಟು ಒರೆಸಿ ಒಣಗಲು ಬಿಟ್ಟಿದ್ದೆವು. ಬೆಳಿಗ್ಗೆ ಇಬ್ಬನಿ ಆರುವವರೆಗೆ ಕಾದೆವು. ಸಿಮೆಂಟ್ ಶೀಟು ಕಣ್ಣಿಗೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಇರುತ್ತೆ. ಅದಕ್ಕೇ ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ ಕೆಲಸ ಹಿಡಿಯಬೇಕು. ನಡು ಮಧ್ಯಾಹ್ನವೂ ಬೇಡ. ಶೀಟು ಕಾದ ಹೆಂಚಿನ ಹಾಗೆ ಸುಡುತ್ತೆ. ಅಂಟೂ ಜಾರುತ್ತೆ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆ ಒಳ್ಳೆಯ ಹೊತ್ತು.

ಸಿಮೆಂಟಿನ ಮೇಲೆ, ಗೋಡೆಯ ಮೇಲೆ ಅಂಟು ನೇರವಾಗಿ ಚೆನ್ನಾಗಿ ಹಿಡಿಯುವುದಿಲ್ಲ. ಸಿಮೆಂಟಿನಲ್ಲಿ ಕಾಣದಷ್ಟು ಸಣ್ಣ ತೂತು, ಸಣ್ಣ ಪುಡಿ. ಪಟ್ಟಿಗೆ ಹೊಂದುವ ಪ್ರೈಮರ್ ಅಂತ ಒಂದು ದ್ರವ ಸಿಗುತ್ತೆ. ಅದನ್ನು ಬ್ರಷ್‌ನಿಂದ ಹಚ್ಚಿ, ಕೈಗೆ ಅಂಟದಷ್ಟು ಒಣಗಿಸಿದೆವು. ತಗಡಿನ ಶೀಟಿಗೆ ಸಾಮಾನ್ಯವಾಗಿ ಪ್ರೈಮರ್ ಬೇಕಿಲ್ಲ. ತುಕ್ಕು ತೆಗೆದು, ಎಣ್ಣೆ ಜಿಡ್ಡು ಹೋಗುವ ಹಾಗೆ ಒರೆಸಿದರೆ ಸಾಕು. ಸುರುಳಿಯ ಡಬ್ಬದ ಮೇಲೆ ಏನು ಬರೆದಿದೆಯೋ ಅದನ್ನು ಓದಿಸಿ ಕೇಳಿ.

ಮೊದಲು ಬೇಕಾದ ಉದ್ದಕ್ಕೆ ಕತ್ತರಿಸಿಕೊಂಡೆವು. ತುಂಡಿನ ನಾಲ್ಕು ಮೂಲೆಯನ್ನು ಕತ್ತರಿಯಲ್ಲಿ ಗುಂಡಗೆ ಮಾಡಿದೆವು. ಚೂಪು ಮೂಲೆ ಬೇಗ ಏಳುತ್ತೆ. ಕಾಗದವನ್ನು ಒಂದು ಗೇಣು ಮಾತ್ರ ಬಿಡಿಸಿ, ಅಂಟಿಸಿ, ಒತ್ತಿ, ಮತ್ತೆ ಒಂದು ಗೇಣು ಬಿಡಿಸುವುದು. ಸಂದಿ ಪಟ್ಟಿಯ ನಟ್ಟ ನಡುವೆ ಬರಬೇಕು. ಆ ಕಡೆ ಎರಡು ಇಂಚು, ಈ ಕಡೆ ಎರಡು ಇಂಚು. ಪಟ್ಟಿಯನ್ನು ಎಳೆಯಬಾರದು. ಎಳೆದು ಅಂಟಿಸಿದರೆ ಅದು ತನ್ನ ಮೊದಲಿನ ಅಳತೆಗೆ ಕುಗ್ಗಲು ನೋಡುತ್ತೆ. ತುದಿ ಕಿತ್ತು ಬರುತ್ತೆ. ಶೀಟು ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಪಟ್ಟಿ ಸಡಿಲವಾಗಿ ಕೂತಿದ್ದರೆ ಅದರ ಜೊತೆ ತಾನೂ ಆಡುತ್ತೆ.

ಕೆಳಗಿನಿಂದ ಮೇಲಕ್ಕೆ ಅಂಟಿಸಬೇಕು. ಯಾಕೆ? ಹೆಂಚು ಹೊದಿಸುವುದನ್ನು ನೆನೆಯಿರಿ. ಮೊದಲು ಸೂರಿನ ಸಾಲು. ಅದರ ಮೇಲೆ ಮೇಲಿನ ಸಾಲು. ಆಗ ನೀರು ಒಂದರ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ಜಾರುತ್ತೆ. ಪಟ್ಟಿಗೂ ಇದೇ ನ್ಯಾಯ. ಮೇಲಿನ ತುಂಡು ಕೆಳಗಿನ ತುಂಡಿನ ಮೇಲೆ ಎರಡು ಇಂಚು ಬರಬೇಕು. ನಾವು ಮೊದಲ ಸಲ ಉಲ್ಟಾ ಮಾಡಿದ್ದೆವು. ಹರಿದು ಬಂದ ನೀರಿಗೆ ನಾವೇ ಬಾಗಿಲು ತೆರೆದು ಇಟ್ಟ ಹಾಗಾಗಿತ್ತು.

ಈ ಅಂಟು ಒತ್ತಿದಷ್ಟೂ ಹಿಡಿಯುತ್ತೆ. ಕೈಯಲ್ಲಿ ತಟ್ಟಿದರೆ ಸಾಲದು. ದೊಡ್ಡವ್ವ ಅಕ್ಕನ ಮನೆಯ ಚಪಾತಿ ಲಟ್ಟಣಿಗೆ ಕೇಳಿದರು. ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ ಒತ್ತಿದರು. ಒಳಗೆ ಸಿಕ್ಕಿದ ಗಾಳಿ ಹೊರಗೆ ಹೋಯಿತು. ಅಲೆಯ ತಗ್ಗಿನಲ್ಲಿ ಲಟ್ಟಣಿಗೆ ಇಳಿಯಲಿಲ್ಲ. ಅಲ್ಲಿ ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಒತ್ತಿದರು. ತಗ್ಗಿನಲ್ಲಿ ಪಟ್ಟಿ ಸೇತುವೆಯ ಹಾಗೆ ಮೇಲೆ ನಿಲ್ಲಬಾರದು. ತಳಕ್ಕೆ ತಾಗಬೇಕು. ನೀರು ಹರಿಯುವುದೇ ಆ ತಗ್ಗಿನಲ್ಲಿ. (ಲಟ್ಟಣಿಗೆ ಆಮೇಲೆ ಅಡಿಗೆಗೆ ಬರಲಿಲ್ಲ. ನೀವು ಹಳೆಯದನ್ನೇ ಕೊಡಿ. ಇಲ್ಲವೇ ಗಾಜಿನ ಬಾಟಲಿಗಿಂತ ಮರದ ಉರುಟು ತುಂಡು ವಾಸಿ.)

ಗೋಡೆ ಅಂಚು ಎಲ್ಲಕ್ಕಿಂತ ಕಷ್ಟ. ಅರ್ಧ ಪಟ್ಟಿ ಶೀಟಿನ ಮೇಲೆ, ಅರ್ಧ ಗೋಡೆಯ ಮೇಲೆ ಬರಬೇಕು. ಗೋಡೆಗೆ ಸುಣ್ಣ ಬಳಿದಿತ್ತು. ಸುಣ್ಣದ ಮೇಲೆ ಅಂಟಿಸಿದರೆ ಸುಣ್ಣದ ಪದರ ಸಮೇತ ಕಿತ್ತು ಬರುತ್ತೆ. ಗಾರೆ ಸಿಗುವವರೆಗೆ ಸುಣ್ಣ ಕೆರೆದರು. ಇಷ್ಟು ಮಾಡಿದರೂ ಗೋಡೆಯ ಮೇಲಿಂದ ಇಳಿಯುವ ನೀರು ಪಟ್ಟಿಯ ಮೇಲಂಚಿನ ಹಿಂದೆ ಹೋಗಬಹುದು. ಅದಕ್ಕೆ ದೊಡ್ಡವ್ವ ಗೋಡೆಯ ಗಾರೆಯಲ್ಲಿ ಬೆರಳು ಅಗಲದ ಒಂದು ಗೀರು ಕೊರೆದರು. ಪಟ್ಟಿಯ ಮೇಲಂಚನ್ನು ಅದರೊಳಗೆ ಮಡಚಿ ಒತ್ತಿದರು. ಮೇಲೆ ಸಿಮೆಂಟು ಮೆತ್ತಿ ಇಳಿಜಾರು ಮಾಡಿದರು. ಈ ಒಂದು ಕೆಲಸಕ್ಕೇ ಅರ್ಧ ದಿನ ಹಿಡಿಯಿತು. ಮೇಸ್ತ್ರಿಗಳು ಬಿಟ್ಟುಬಿಡುವುದೂ ಇದನ್ನೇ.

ಬೋಲ್ಟುಗಳಿಗೆ ಹೊಸ ವಾಶರ್ ಹಾಕಿ, ಉಳಿದ ಪಟ್ಟಿಯಲ್ಲಿ ಅಂಗೈಯಷ್ಟು ತುಂಡು ಮಾಡಿ ಮೇಲೆ ಒತ್ತಿದೆವು.

ಎಲ್ಲಿ ಅಂಟಿಸಬಾರದು?

ಇದನ್ನು ನೋಡಿದ ಅಗ್ರಹಾರದ ಕಡೆಯ ಒಬ್ಬ ತಂಗಿ "ನಮ್ಮ ಹೆಂಚಿಗೂ ಅಂಟಿಸೋಣ್ವಾ ಅಕ್ಕ?" ಅಂತ ಕೇಳಿದಳು. ಅವರದು ಮಂಗಳೂರು ಹೆಂಚಿನ ಹಳೆಯ ಮನೆ. ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಮಾಡಲು ಶುರು ಮಾಡಿದ ಹೆಂಚು ಅದು. ಒಂದಕ್ಕೊಂದು ಕೊಕ್ಕೆಯ ಹಾಗೆ ಕೂರುತ್ತೆ. ಅಂಟು ಬೇಕಿಲ್ಲ. ಹೆಂಚಿನ ಕೆಳಗಿನ ಅಂಚು ತೆರೆದೇ ಇರಬೇಕು. ಒಳಗೆ ಸೇರಿದ ನೀರು, ಆವಿ ಅಲ್ಲಿಂದಲೇ ಹೊರಗೆ ಹೋಗುತ್ತೆ. ಅದನ್ನು ಪಟ್ಟಿಯಿಂದ ಮುಚ್ಚಿದರೆ ಅಡಿಯ ರೀಪು ಕೊಳೆಯುತ್ತೆ. ಒಡೆದ ಹೆಂಚು ತೆಗೆದು ಬೇರೆ ಹಾಕಿ. ಮಂಗ ಓಡಾಡಿ ಸರಿದ ಹೆಂಚನ್ನು ಸರಿಯಾಗಿ ಕೂರಿಸಿ. ಹೆಂಚೂ ಗೋಡೆಯೂ ಸೇರುವ ಕಡೆ ಮಾತ್ರ ಪಟ್ಟಿ ಬಳಸಬಹುದು.

ಆರ್‌ಸಿಸಿ ತಾರಸಿಯಲ್ಲಿ ನೆಲವೂ ಸುತ್ತುಗೋಡೆಯೂ ಸೇರುವ ಮೂಲೆ, ನೀರು ಹೋಗುವ ಕೊಳವೆಯ ಬಾಯಿ, ಇವುಗಳಿಗೆ ಪಟ್ಟಿ ಆಗುತ್ತೆ. ತಾರಸಿಯ ಮೇಲೆ ನೀರು ನಿಲ್ಲುತ್ತಿದ್ದರೆ ಮೊದಲು ನೀರು ಹೋಗಲು ದಾರಿ ಮಾಡಿ.

ಪಟ್ಟಿಯಿಂದ ಮುಚ್ಚಲೇಬಾರದ ಸಂಗತಿಯೂ ಇದೆ. ತೊಲೆ ಕೊಳೆತಿದ್ದರೆ, ಗೋಡೆ ಉಬ್ಬಿದ್ದರೆ, ಬಿರುಕು ದಿನೇ ದಿನೇ ಅಗಲವಾಗುತ್ತಿದ್ದರೆ, ಮೇಲೆ ಪಟ್ಟಿ ಅಂಟಿಸಿ ಸುಮ್ಮನಿರಬೇಡಿ. ನಮ್ಮ ಊರಿನಲ್ಲೇ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಬಿತ್ತು. ಹಳೆಯ ಕಟ್ಟಡ ಬೀಳಲು ಕಾರಣ ಒಂದೇ ಇರುವುದಿಲ್ಲ. ಆದರೆ ಗೋಡೆಯೊಳಗೆ ವರ್ಷಗಟ್ಟಲೆ ನೀರು ಇಳಿದರೆ ಗಾರೆ ಸಡಿಲವಾಗುತ್ತೆ. ಅಂಥ ಗೋಡೆಯ ಪಕ್ಕ ಮಕ್ಕಳನ್ನು ಮಲಗಿಸಬೇಡಿ.

ನಾಲ್ಕನೇ ಗುರುತು

ಮೈಸೂರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ. ಜೂನ್, ಜುಲೈನಲ್ಲಿ ತುಂತುರು. ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ. ಸೂರಿನ ಕೆಲಸಕ್ಕೆ ಶಿವರಾತ್ರಿಯಿಂದ ಯುಗಾದಿವರೆಗಿನ ಕಾಲ ಒಳ್ಳೆಯದು. ನಾವು ತಡ ಮಾಡಿದ್ದೆವು. ಮಳೆಯ ನಡುವೆ ಬಿಸಿಲು ಕಾಯಬೇಕಾಯಿತು.

ದಸರಾ ಹೊತ್ತಿಗೆ ಹಸ್ತ ಮಳೆ ಹಿಡಿಯಿತು. ರಾತ್ರಿ ಇಡೀ ಸುರಿಯಿತು. ಬೆಳಿಗ್ಗೆ ನಾವೆಲ್ಲ ಅಕ್ಕನ ಮನೆಗೆ ಓಡಿದೆವು. ಅಕ್ಕ ಗೋಡೆಯ ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. 1 ಒಣಗಿದೆ. 2 ಒಣಗಿದೆ. 3 ಒಣಗಿದೆ. ಗೋಡೆ ಪಕ್ಕ ಕಡ್ಡಿ ಹರಡಿತ್ತು. ಒಂದೂ ನೆನೆದಿರಲಿಲ್ಲ.

4ರ ಕೆಳಗೆ ಮಾತ್ರ ಪಾತ್ರೆ ಇತ್ತು. ಪಾತ್ರೆಯಲ್ಲಿ ಅರ್ಧ ನೀರು.

4 ಅಂದರೆ ಗೋಡೆಯ ಬಿರುಕು. ಗೋಡೆ ಮಾಲೀಕರದು. ಅಕ್ಕ ಬಾಡಿಗೆಗೆ ಇದ್ದಾರೆ. ಪಟ್ಟಿ ನಾವು ಹಾಕಬಹುದು. ಗೋಡೆ ನಾವು ಕಟ್ಟುವಂತಿಲ್ಲ. ಬಾಯಿ ಮಾತಿನಲ್ಲಿ ಎಷ್ಟೋ ಸಲ ಹೇಳಿ ಆಗಿತ್ತು. ಈ ಸಲ ಅಕ್ಕ ಬರೆದು ಕೊಟ್ಟರು. ಎರಡು ಸಲ ಸ್ಲೇಟಿನ ಮೇಲೆ ಬರೆದು ತಿದ್ದಿ, ಆಮೇಲೆ ಕಾಗದದ ಮೇಲೆ ಬರೆದರು. ಅವರು ಬರೆದದ್ದು ಇಷ್ಟು:

"ಮನೆ ಮಾಲೀಕರಿಗೆ ನಮಸ್ಕಾರ. ಪಶ್ಚಿಮದ ಗೋಡೆಯಲ್ಲಿ ಮೇಲಿನಿಂದ 3 ಅಡಿ ಉದ್ದ ಬಿರುಕು ಇದೆ. ಮಳೆ ಬಂದರೆ ನೀರು ಒಳಗೆ ಬರುತ್ತೆ. ಸೂರಿನ ಸಂದಿಗಳನ್ನು ನನ್ನ ಖರ್ಚಿನಲ್ಲಿ ಮುಚ್ಚಿಸಿದ್ದೇನೆ. ಬಿಲ್ಲು ನನ್ನ ಹತ್ತಿರ ಇದೆ. ಗೋಡೆಯನ್ನು ನೀವು ಸರಿ ಮಾಡಿಸಬೇಕು. ಒಂದು ಸಲ ಬಂದು ನೋಡಬೇಕು ಅಂತ ಕೇಳಿಕೊಳ್ಳುತ್ತೇನೆ."

ಕೆಳಗೆ ತಾರೀಖು ಹಾಕಿ ರುಜು ಮಾಡಿದರು. ಇನ್ನೊಂದು ಪ್ರತಿ ಬರೆದು ಟ್ರಂಕಿನಲ್ಲಿ ಇಟ್ಟುಕೊಂಡರು.

ಮಾಲೀಕರು ಭಾನುವಾರ ಬಂದರು. ಕಾಗದ ಕೈಯಲ್ಲೇ ಇತ್ತು. ಗೋಡೆ ನೋಡಿದರು. ಗೋಡೆ ಮೇಲಿನ ಅಂಕಿ ನೋಡಿದರು. "ಇದೇನು ಗೋಡೆ ತುಂಬಾ ಲೆಕ್ಕ ಬರೆದಿದ್ದೀರಿ?" ಅಂತ ಕೇಳಿದರು. ಅಕ್ಕ ಒಂದೊಂದನ್ನೂ ವಿವರಿಸಿದರು. "ದೀಪಾವಳಿ ಆದ ಮೇಲೆ ಮೇಸ್ತ್ರಿ ಕಳಿಸ್ತೀನಿ" ಅಂದು ಮಾಲೀಕರು ಹೋದರು.

ಆ ಮಾತನ್ನೂ ಅಕ್ಕ ತಾರೀಖು ಹಾಕಿ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. 4ರ ಕೆಳಗಿನ ಪಾತ್ರೆ ಇನ್ನೂ ಅಲ್ಲೇ ಇದೆ.